ಅಮೆರಿಕದ ಮಸಲ್ ಕಾರುಗಳು

ಮಸಲ್ ಕಾರು ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1960ರ ದಶಕದ ಮಧ್ಯಭಾಗದಿಂದ 1970ರ ದಶಕದ ಆರಂಭದವರೆಗೆ ತಯಾರಾದ ಒಂದು ಬಗೆಯ ಕಾರುಗಳಿಗೆ ಇರುವ ಹೆಸರು. ಮಧ್ಯಮ ಗಾತ್ರದ, ಎರಡು ಬಾಗಿಲಿನ, ಹಿಂಚಕ್ರ ಚಾಲನೆಯ ಸಾಧಾರಣ ಕಾರಿನ ಒಡಲಿನಲ್ಲಿ ದೊಡ್ಡ ಕಾರಿಗೆಂದು ರೂಪಿಸಿದ ವಿ8 ಎಂಜಿನ್ನನ್ನು ಕೂರಿಸಿ, ದುಡಿಯುವ ವರ್ಗದ ಯುವಕರ ಕೈಗೆಟುಕುವ ಬೆಲೆಗೆ ಮಾರಿದ್ದು ಇವುಗಳ ಮುಖ್ಯ ಲಕ್ಷಣ. 1964ರ ಪಾಂಟಿಯಾಕ್ ಜಿಟಿಒ ಈ ವರ್ಗದ ಮೊದಲ ಕಾರೆಂದು ಸಾಮಾನ್ಯವಾಗಿ ಒಪ್ಪಲಾಗುತ್ತದೆ. ಈ ಕಾರುಗಳ ಉಚ್ಛ್ರಾಯ ಕಾಲ ಹತ್ತು ವರ್ಷಗಳನ್ನೂ ಪೂರ್ತಿ ಮುಟ್ಟಲಿಲ್ಲ. ಆದರೂ ಅರ್ಧ ಶತಮಾನದ ನಂತರವೂ ಅವುಗಳ ಮೇಲಿನ ಮೋಹ ಉಳಿದುಬಂದಿದೆ.

ಹೆಸರು ಮತ್ತು ವ್ಯಾಖ್ಯೆ

ಇಂಗ್ಲಿಷಿನ ಮಸಲ್ ಎಂದರೆ ಸ್ನಾಯು. ಮೈಕಟ್ಟಿನ ಬಲವನ್ನು ಸೂಚಿಸುವ ಈ ಪದ ಕಾರುಗಳಿಗೆ ಅಂಟಿಕೊಂಡದ್ದು ತುಸು ತಡವಾಗಿ. ಅವು ಮಾರಾಟದಲ್ಲಿದ್ದ ಕಾಲದಲ್ಲಿ ಪತ್ರಿಕೆಗಳು ಅವನ್ನು ಹೆಚ್ಚಾಗಿ ಸೂಪರ್‌ಕಾರ್ ಎಂದೇ ಕರೆಯುತ್ತಿದ್ದವು. ಯಾವ ಕಾರು ಈ ವರ್ಗಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬ ಬಗ್ಗೆ ಅಭಿಮಾನಿಗಳಲ್ಲಿ ಒಮ್ಮತವಿಲ್ಲ. ಕಟ್ಟುನಿಟ್ಟಿನ ವ್ಯಾಖ್ಯೆಯ ಪ್ರಕಾರ ಮಧ್ಯಮ ಗಾತ್ರದ ಒಡಲು ಇರಲೇಬೇಕು. ಈ ಅಳತೆಗೋಲಿನಲ್ಲಿ ಫೋರ್ಡ್ ಮಸ್ಟಾಂಗ್, ಷೆವರ್ಲೆ ಕ್ಯಾಮರೋ, ಪ್ಲಿಮತ್ ಬ್ಯಾರಕೂಡಾ ಮೊದಲಾದ ಚಿಕ್ಕ ಕಾರುಗಳು ‘ಪೋನಿ ಕಾರು’ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ಆದರೆ ಅವುಗಳ ಅತಿ ಬಲಶಾಲಿ ಮಾದರಿಗಳನ್ನು ಜನ ಮಸಲ್ ಕಾರೆಂದೇ ಕರೆಯುತ್ತಾರೆ. ಇಬ್ಬರೇ ಕೂರುವ ಷೆವರ್ಲೆ ಕಾರ್ವೆಟ್ಟನ್ನು ಮಾತ್ರ ಬಹುತೇಕ ಎಲ್ಲರೂ ಕ್ರೀಡಾ ಕಾರೆಂದು ಪ್ರತ್ಯೇಕವಾಗಿ ಇಡುತ್ತಾರೆ.

ಹಿನ್ನೆಲೆ

ಹಗುರ ಒಡಲಿಗೆ ಭಾರಿ ಎಂಜಿನ್ ಎಂಬ ಯೋಚನೆ 1964ರಲ್ಲಿ ಹುಟ್ಟಿದ್ದಲ್ಲ. 1949ರಲ್ಲಿ ಓಲ್ಡ್ಸ್‌ಮೊಬೀಲ್ ಕಂಪನಿ ತನ್ನ ಹೊಸ ರಾಕೆಟ್ ವಿ8 ಎಂಜಿನ್ನನ್ನು ಚಿಕ್ಕ ಒಡಲಿನಲ್ಲಿಟ್ಟು ರಾಕೆಟ್ 88 ಎಂಬ ಕಾರನ್ನು ತಂದಿತು. ಅದರ ಶಕ್ತಿ 135 ಅಶ್ವಶಕ್ತಿ. 1955ರ ಕ್ರೈಸ್ಲರ್ ಸಿ-300 ತನ್ನ ಹೆಸರೇ ಹೇಳುವಂತೆ 300 ಅಶ್ವಶಕ್ತಿ ಮುಟ್ಟಿತು. ಆದರೆ ಅದು ಸಿರಿವಂತರ ಕಾರು. ಹಣವಿಲ್ಲದ ಯುವಕರು ಹಳೆಯ ಫೋರ್ಡುಗಳನ್ನು ಕೊಂಡು, ಮನೆಯ ಷೆಡ್ಡಿನಲ್ಲೇ ಬಿಚ್ಚಿ, ಬೇರೆ ಎಂಜಿನ್ ಜೋಡಿಸಿ ಓಡಿಸುತ್ತಿದ್ದರು. ಹಾಟ್ ರಾಡ್ ಎಂದು ಕರೆಯಲಾಗುತ್ತಿದ್ದ ಆ ಕಾರುಗಳ ಕೆಲಸವನ್ನು ಕಾರ್ಖಾನೆಯೇ ಮಾಡಿಕೊಟ್ಟದ್ದು ಮಸಲ್ ಕಾರು ಎನ್ನಬಹುದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜನನ ಪ್ರಮಾಣ ಏರಿತ್ತು. 1946ರಲ್ಲಿ ಹುಟ್ಟಿದ ಮಕ್ಕಳಿಗೆ 1964ರಲ್ಲಿ ಹದಿನೆಂಟು ತುಂಬಿತು. ವಾಹನ ಪರವಾನಗಿ, ಒಂದಿಷ್ಟು ಸಂಬಳ, ಸಾಲ ಸೌಲಭ್ಯ ಮೂರೂ ಇದ್ದ ಇಷ್ಟು ದೊಡ್ಡ ಯುವ ಸಮೂಹ ಅದುವರೆಗೆ ಯಾವ ಕಾರು ತಯಾರಕರಿಗೂ ದೊರೆತಿರಲಿಲ್ಲ. ಪೆಟ್ರೋಲ್ ಅಗ್ಗವಾಗಿತ್ತು; ನಗರಗಳನ್ನು ಜೋಡಿಸುವ ಅಂತರರಾಜ್ಯ ಹೆದ್ದಾರಿಗಳು ಹೊಸದಾಗಿ ನಿರ್ಮಾಣವಾಗುತ್ತಿದ್ದವು.

ಪಾಂಟಿಯಾಕ್ ಜಿಟಿಒ

1963ರ ಆರಂಭದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಎಲ್ಲ ವಿಭಾಗಗಳೂ ಕಾರು ಪಂದ್ಯಗಳಿಂದ ಹಿಂದೆ ಸರಿಯಬೇಕೆಂದು ಆದೇಶಿಸಿತು. ಪಂದ್ಯದ ಗೆಲುವುಗಳಿಂದಲೇ ಹೆಸರು ಮಾಡಿದ್ದ ಪಾಂಟಿಯಾಕ್ ವಿಭಾಗಕ್ಕೆ ಇದು ದೊಡ್ಡ ಪೆಟ್ಟು. ಆಗ ಅಲ್ಲಿನ ಮುಖ್ಯ ಎಂಜಿನಿಯರ್ ಆಗಿದ್ದವರು ಜಾನ್ ಡಿಲೋರಿಯನ್. ಅವರ ಸಹೋದ್ಯೋಗಿ ಬಿಲ್ ಕಾಲಿನ್ಸ್, ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನ 326 ಘನ ಅಂಗುಲದ ಎಂಜಿನ್ನಿಗೂ ದೊಡ್ಡ ಕಾರುಗಳ 389 ಘನ ಅಂಗುಲದ ಎಂಜಿನ್ನಿಗೂ ಹೊರ ಅಳತೆ ಒಂದೇ ಎಂಬುದನ್ನು ಗಮನಕ್ಕೆ ತಂದರು. ಅಂದರೆ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಲು ಕಾರಿನಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಬೇಕಿರಲಿಲ್ಲ. ಎಂಜಿನ್ ತಜ್ಞ ರಸೆಲ್ ಗೀ ಈ ಕೆಲಸದಲ್ಲಿ ಜೊತೆಯಾದರು.

ಅಡ್ಡಿಯಾಗಿದ್ದದ್ದು ಸಂಸ್ಥೆಯ ಇನ್ನೊಂದು ನಿಯಮ. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಇರಬಾರದೆಂದು ಅದು ಹೇಳುತ್ತಿತ್ತು. ಆದರೆ ಹೊಸ ಮಾದರಿಗಳಿಗೆ ಮೇಲಿನವರ ಅನುಮತಿ ಬೇಕಿದ್ದರೂ, ಇರುವ ಮಾದರಿಗೆ ಸೇರಿಸುವ ಹೆಚ್ಚುವರಿ ಸಲಕರಣೆಗೆ ಬೇಕಿರಲಿಲ್ಲ. ಹೀಗಾಗಿ ಜಿಟಿಒ ಹೊಸ ಕಾರಾಗಿ ಅಲ್ಲ, ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಸುಮಾರು 295 ಡಾಲರ್ ಹೆಚ್ಚು ತೆತ್ತು ಪಡೆಯುವ ಸಲಕರಣೆಯಾಗಿ ಮಾರುಕಟ್ಟೆಗೆ ಬಂದಿತು. ಹೆಸರನ್ನು ಇಟಲಿಯ ಫೆರಾರಿ ಕಾರೊಂದರಿಂದ ನೇರವಾಗಿ ಎತ್ತಿಕೊಳ್ಳಲಾಗಿತ್ತು. ಶುದ್ಧಾಭಿರುಚಿಯ ಕಾರುಪ್ರಿಯರು ಇದಕ್ಕೆ ಸಿಟ್ಟಾದರು. ಮಾರಾಟ ವಿಭಾಗದ ಮುಖ್ಯಸ್ಥರು ಐದು ಸಾವಿರ ಕಾರುಗಳಿಗಿಂತ ಹೆಚ್ಚು ಹೋಗಲಾರವೆಂದು ಅಂದಾಜಿಸಿದ್ದರು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. 1966ರಲ್ಲಿ ಈ ಸಂಖ್ಯೆ 96,946ಕ್ಕೆ ಏರಿತು. ನಿಯಮ ಮುರಿದವರನ್ನು ಶಿಕ್ಷಿಸುವ ಮಾತನ್ನು ಆ ಮೇಲೆ ಯಾರೂ ಎತ್ತಲಿಲ್ಲ.

6.4 ಲೀಟರ್ ಗಾತ್ರದ ಆ ಎಂಜಿನ್ 325 ಅಶ್ವಶಕ್ತಿ ನೀಡುತ್ತಿತ್ತು. ಮೂರು ಕಾರ್ಬುರೇಟರ್ ಜೋಡಿಸಿದ ಬಗೆಯಲ್ಲಿ 348. ಅದೇ ಕಾಲದಲ್ಲಿ ಭಾರತದ ರಸ್ತೆಗಳಲ್ಲಿದ್ದ ಅಂಬಾಸಡರ್ ಕಾರಿನ ಎಂಜಿನ್ನಿನ ಗಾತ್ರ 1.5 ಲೀಟರ್ ಎಂಬುದನ್ನು ನೆನೆದರೆ ಈ ಅಂಕಿಗಳ ಅರ್ಥ ಸ್ಪಷ್ಟವಾಗುತ್ತದೆ. ಜಾಹೀರಾತಿನ ಹೊಣೆ ಹೊತ್ತಿದ್ದ ಜಿಮ್ ವಾಂಗರ್ಸ್ ಇಷ್ಟಕ್ಕೂ ತೃಪ್ತರಾಗಿರಲಿಲ್ಲ. 1964ರಲ್ಲಿ ಕಾರ್ ಅಂಡ್ ಡ್ರೈವರ್ ಪತ್ರಿಕೆಗೆ ಪರೀಕ್ಷೆಗೆಂದು ಕೊಟ್ಟ ಕಾರಿನಲ್ಲಿ ಗುಟ್ಟಾಗಿ 421 ಘನ ಅಂಗುಲದ ಇನ್ನೂ ದೊಡ್ಡ ಎಂಜಿನ್ ಇತ್ತೆಂದು ಅವರೇ ದಶಕಗಳ ನಂತರ ಒಪ್ಪಿಕೊಂಡರು. ಮಸಲ್ ಕಾರಿನ ಕೀರ್ತಿಯಲ್ಲಿ ದಂತಕಥೆಯ ಪಾಲು ಮೊದಲ ದಿನದಿಂದಲೂ ಇತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪೈಪೋಟಿಯ ವರ್ಷಗಳು

ಜಿಟಿಒ ಯಶಸ್ಸನ್ನು ಕಂಡು ಉಳಿದವರು ಸುಮ್ಮನಿರಲಿಲ್ಲ. ಓಲ್ಡ್ಸ್‌ಮೊಬೀಲ್ 442, ಷೆವರ್ಲೆ ಷೆವೆಲ್ ಎಸ್‌ಎಸ್, ಬ್ಯೂಕ್ ಗ್ರಾನ್ ಸ್ಪೋರ್ಟ್ ಒಂದರ ಹಿಂದೊಂದು ಬಂದವು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಅನಾವರಣಗೊಂಡ ಫೋರ್ಡ್ ಮಸ್ಟಾಂಗಿನ ಆರಂಭಿಕ ಬೆಲೆ 2,368 ಡಾಲರ್. ಅದರ ಮೂಲ ಮಾದರಿಯಲ್ಲಿ ಆರು ಸಿಲಿಂಡರಿನ ಸಾಧು ಎಂಜಿನ್ ಇತ್ತು. ಬಲಶಾಲಿ ಎಂಜಿನ್ನುಗಳು ನಂತರ ಸೇರಿದವು.

ಎಂಜಿನ್ನುಗಳ ಪೈಕಿ ಹೆಚ್ಚು ಹೆಸರಾದದ್ದು ಕ್ರೈಸ್ಲರ್ ಸಂಸ್ಥೆಯ 426 ಹೆಮಿ. ಅರ್ಧಗೋಳಾಕಾರದ ದಹನಕೋಷ್ಠ ಇರುವುದರಿಂದ ಆ ಹೆಸರು. ಇಂತಹ ಆಕಾರದಲ್ಲಿ ದೊಡ್ಡ ಕವಾಟಗಳನ್ನು ಎದುರುಬದುರಾಗಿ ಇಡಬಹುದು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಂದು ಬದಿಯಿಂದ ಸರಾಗವಾಗಿ ನುಗ್ಗಿ, ಹೊಗೆ ಇನ್ನೊಂದು ಬದಿಯಿಂದ ಹೊರಬೀಳುತ್ತದೆ. 1964ರಲ್ಲಿ ಈ ಎಂಜಿನ್ ಹೊತ್ತ ಪ್ಲಿಮತ್ ಕಾರಿನಲ್ಲಿ ರಿಚರ್ಡ್ ಪೆಟಿ ಡೇಟೋನಾ 500 ಪಂದ್ಯವನ್ನು ಗೆದ್ದರು. ಸಾರ್ವಜನಿಕರಿಗೆ ಮಾರದ ಎಂಜಿನ್ ಪಂದ್ಯದಲ್ಲಿ ಸಲ್ಲದೆಂದು ನಾಸ್ಕಾರ್ ಆಡಳಿತ ಆಕ್ಷೇಪಿಸಿದಾಗ, ಕಂಪನಿ 1966ರಲ್ಲಿ ಅದನ್ನು ತುಸು ಪಳಗಿಸಿ ಸಾಮಾನ್ಯ ಗಿರಾಕಿಗೂ ಮಾರತೊಡಗಿತು. ಪಂದ್ಯದ ಯಂತ್ರ ದಿನಸಿ ತರಲು ಹೋಗುವ ಕಾರಿನೊಳಗೆ ಬಂದದ್ದು ಹೀಗೆ.

ಸಲಕರಣೆಗಳು ಹೆಚ್ಚಿದಂತೆ ಬೆಲೆಯೂ ಏರುತ್ತಿತ್ತು. ಇದಕ್ಕೆ ಉತ್ತರವಾಗಿ 1968ರಲ್ಲಿ ಬಂದ ಪ್ಲಿಮತ್ ರೋಡ್ ರನ್ನರ್ ಕಾರಿನಲ್ಲಿ ಸೊಗಸಿನ ಗೋಜೇ ಇರಲಿಲ್ಲ. ನೆಲಹಾಸಿನಿಂದ ಹಿಡಿದು ಆಸನದವರೆಗೆ ಎಲ್ಲವೂ ಅಗ್ಗದ್ದು. ಎಂಜಿನ್ ಮಾತ್ರ ಗಟ್ಟಿಯಾದದ್ದು. ಆರಂಭಿಕ ಬೆಲೆ 2,896 ಡಾಲರ್. ಆ ವರ್ಷ ಅಮೆರಿಕದ ಕುಟುಂಬವೊಂದರ ಮಧ್ಯಮ ವಾರ್ಷಿಕ ಆದಾಯ ಸುಮಾರು 8,600 ಡಾಲರ್ ಇತ್ತು. ಕಾರ್ಟೂನ್ ಪಕ್ಷಿಯೊಂದರ ಹೆಸರು ಮತ್ತು ಚಿತ್ರವನ್ನು ಬಳಸಲು ಕಂಪನಿ ವಾರ್ನರ್ ಬ್ರದರ್ಸ್ ಸಂಸ್ಥೆಗೆ 50,000 ಡಾಲರ್ ತೆತ್ತು, ಆ ಪಕ್ಷಿಯ ಕೂಗನ್ನು ಹೋಲುವ ಹಾರ್ನನ್ನೂ ಅಳವಡಿಸಿತು. ಯುವಕರು ಇದನ್ನು ಮುಗಿಬಿದ್ದು ಕೊಂಡರು.

1970ನ್ನು ಈ ಪೈಪೋಟಿಯ ಶಿಖರವೆನ್ನಬಹುದು. ಜನರಲ್ ಮೋಟಾರ್ಸ್ ತನ್ನ ಎಂಜಿನ್ ಮಿತಿಯನ್ನು ಪೂರ್ತಿ ಸಡಿಲಿಸಿತು, 7.4 ಲೀಟರ್ ಎಂಜಿನ್ನಿನ ಷೆವೆಲ್ ಎಸ್‌ಎಸ್ 454 ಕಾರಿನ ಘೋಷಿತ ಶಕ್ತಿ 450 ಅಶ್ವಶಕ್ತಿ ಮುಟ್ಟಿತು. ಅದೇ ವರ್ಷದ ಮಾರ್ಚ್ 24ರಂದು ಟ್ಯಾಲಡೀಗಾ ಪಥದಲ್ಲಿ ಬಡ್ಡಿ ಬೇಕರ್, ಚೂಪು ಮೂತಿಯ ಮತ್ತು ಎತ್ತರದ ಬಾಲದ ರೆಕ್ಕೆಯಿದ್ದ ಡಾಡ್ಜ್ ಡೇಟೋನಾ ಕಾರಿನಲ್ಲಿ ಗಂಟೆಗೆ 200 ಮೈಲಿ (ಸುಮಾರು 322 ಕಿ.ಮೀ.) ವೇಗವನ್ನು ದಾಟಿದರು.

ಯಂತ್ರದ ಸ್ವಭಾವ

ಮಸಲ್ ಕಾರನ್ನು ನೇರ ರಸ್ತೆಯ ಕಾರೆಂದು ಹೇಳುವುದುಂಟು. ಅದರ ಸಾಮರ್ಥ್ಯವನ್ನು ಅಳೆಯುತ್ತಿದ್ದದ್ದು ಕಾಲು ಮೈಲಿ, ಅಂದರೆ 402 ಮೀಟರ್ ದೂರವನ್ನು ನಿಂತಲ್ಲಿಂದ ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ ಎಂಬುದರಿಂದ. ಹದಿನಾಲ್ಕು ಸೆಕೆಂಡಿನೊಳಗೆ ಮುಟ್ಟುವ ಕಾರು ಗೌರವಕ್ಕೆ ಪಾತ್ರವಾಗುತ್ತಿತ್ತು. ದೊಡ್ಡ ಸಿಲಿಂಡರುಗಳಿಂದಾಗಿ ಎಂಜಿನ್ ನಿಧಾನವಾಗಿ ಸುತ್ತುತ್ತಿರುವಾಗಲೇ ಭಾರಿ ತಿರುಚುಬಲ ಒದಗುತ್ತದೆ. ಚಾಲಕ ವೇಗವರ್ಧಕವನ್ನು ಒತ್ತಿದೊಡನೆ ಬೆನ್ನು ಆಸನಕ್ಕೆ ಒತ್ತಿಕೊಳ್ಳುವುದು, ಮೂತಿ ಮೇಲೇಳುವುದು, ಹಿಂದಿನ ಟೈರುಗಳು ಹೊಗೆಯಾಡುವುದು ಇದರ ಫಲ.

ಅದರ ವಿಶಿಷ್ಟ ಸದ್ದಿಗೂ ಯಾಂತ್ರಿಕ ಕಾರಣವಿದೆ. ಅಮೆರಿಕದ ವಿ8 ಎಂಜಿನ್ನುಗಳ ಕ್ರ್ಯಾಂಕ್ ಶಾಫ್ಟಿನ ಬಾಗುಗಳು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿರುತ್ತವೆ. ಎಂಟೂ ಸಿಲಿಂಡರುಗಳನ್ನು ಒಟ್ಟಾಗಿ ನೋಡಿದರೆ ಸ್ಫೋಟಗಳು ಸಮಾನ ಅಂತರದಲ್ಲೇ ಆಗುತ್ತವೆ. ಆದರೆ ಎಡ ಸಾಲಿನ ನಾಲ್ಕನ್ನು ಅಥವಾ ಬಲ ಸಾಲಿನ ನಾಲ್ಕನ್ನು ಮಾತ್ರ ಲೆಕ್ಕ ಹಾಕಿದರೆ ಅಂತರ ಏರುಪೇರಾಗಿರುತ್ತದೆ. ಎರಡು ಸಾಲುಗಳ ಹೊಗೆ ಬೇರೆ ಬೇರೆ ಕೊಳವೆಗಳಿಂದ ಹೊರಬರುವಾಗ ಈ ಏರುಪೇರೇ ಗುಡುಗಿದಂತಹ ಗುಡುಗುಡು ನಾದವಾಗಿ ಕೇಳುತ್ತದೆ.

ವೇಗ ಪಡೆಯುವುದರಲ್ಲಿದ್ದ ಜಾಣ್ಮೆ ನಿಲ್ಲಿಸುವುದರಲ್ಲಿ ಇರಲಿಲ್ಲ. ಅನೇಕ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳೇ ಇದ್ದವು. ಒಂದೆರಡು ಬಾರಿ ಜೋರಾಗಿ ಒತ್ತಿದರೆ ಕಾದು ಹಿಡಿತ ಕಳೆದುಕೊಳ್ಳುತ್ತಿದ್ದವು. ಹಲವು ಮಾದರಿಗಳ ಹಿಂಭಾಗಕ್ಕೆ ಲಾರಿಗಳಲ್ಲಿ ಕಾಣುವಂತಹ ಪಟ್ಟಿ ಕಮಾನುಗಳಿದ್ದವು, ಟೈರುಗಳು ಕಿರಿದಾಗಿದ್ದವು. ಮುಂಭಾಗದಲ್ಲಿ ಎಂಜಿನ್ನಿನ ಭಾರ ಹೆಚ್ಚಿದ್ದರಿಂದ ತಿರುವುಗಳಲ್ಲಿ ಕಾರು ಹೇಳಿದಂತೆ ಕೇಳುತ್ತಿರಲಿಲ್ಲ. ಮುಂದಿನ ಆಸನಗಳಿಗೆ ಭುಜದ ಬೆಲ್ಟು ಕಡ್ಡಾಯವಾದದ್ದೇ 1968ರ ಜನವರಿಯಿಂದ.

ಅವನತಿ

ಮಸಲ್ ಕಾರನ್ನು 1973ರ ತೈಲ ಬಿಕ್ಕಟ್ಟು ಕೊಂದಿತೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದ ಆ ಅಕ್ಟೋಬರಿನ ಹೊತ್ತಿಗೆ ಈ ಕಾರುಗಳು ಆಗಲೇ ಸೊರಗಿದ್ದವು.

ಮೊದಲ ಏಟು ಬಿದ್ದದ್ದು ವಿಮೆಯಿಂದ. ಇಪ್ಪತ್ತರ ಹರೆಯದ ಯುವಕ, 400 ಅಶ್ವಶಕ್ತಿಯ ಎಂಜಿನ್, ಸಾಧಾರಣ ಬ್ರೇಕು ಇವು ಒಟ್ಟಾದಾಗ ಏನಾಗುವುದೆಂದು ವಿಮಾ ಕಂಪನಿಗಳ ಲೆಕ್ಕದ ಪುಸ್ತಕಗಳು ಹೇಳುತ್ತಿದ್ದವು. 1970ರ ಆಸುಪಾಸಿನಲ್ಲಿ ಅವು ಬಲಶಾಲಿ ಕಾರುಗಳ ಮೇಲೆ ಹೆಚ್ಚುವರಿ ಕಂತು ವಿಧಿಸತೊಡಗಿದವು. ಕಾರಿನ ಸಾಲವನ್ನು ಹೇಗೋ ತೀರಿಸುತ್ತಿದ್ದ ಗಿರಾಕಿಗೆ ವಿಮೆಯ ಕಂತು ನಿಲುಕದಾಯಿತು. ಅಮೆರಿಕದ ರಸ್ತೆಗಳಲ್ಲಿ 1972ರಲ್ಲಿ ಸತ್ತವರ ಸಂಖ್ಯೆ 54 ಸಾವಿರವನ್ನು ಮೀರಿತ್ತು. ಆ ದೇಶದ ಇತಿಹಾಸದಲ್ಲೇ ಅದು ಅತಿ ಹೆಚ್ಚು. ಇವೆಲ್ಲಕ್ಕೂ ಮಸಲ್ ಕಾರು ಕಾರಣವಲ್ಲ. ಆದರೆ ರಾಲ್ಫ್ ನೇಡರ್ ಅವರ 1965ರ ಪುಸ್ತಕ ಮತ್ತು 1966ರ ವಾಹನ ಸುರಕ್ಷತಾ ಕಾಯಿದೆಯ ನಂತರ ವೇಗವನ್ನು ಬಹಿರಂಗವಾಗಿ ಮಾರುವುದು ಕಂಪನಿಗಳಿಗೆ ಮುಜುಗರದ ವಿಷಯವಾಯಿತು.

ಎರಡನೆಯದು ಗಾಳಿಯ ಪ್ರಶ್ನೆ. ಈ ಎಂಜಿನ್ನುಗಳು ಪೆಟ್ರೋಲ್ ಮಿಶ್ರಣವನ್ನು ಅತಿಯಾಗಿ ಒತ್ತಿ ಉರಿಸುತ್ತಿದ್ದವು. ಹಾಗೆ ಒತ್ತಿದಾಗ ಅದು ಅಕಾಲದಲ್ಲಿ ಸಿಡಿಯದಿರಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಹೊಗೆಯೊಡನೆ ಹೊರಬರುವ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. 1970ರ ಶುದ್ಧ ಗಾಳಿ ಕಾಯಿದೆ ಹೊಗೆಯ ಮೇಲೆ ಕಠಿಣ ಮಿತಿ ಹೇರಿತು. ಜನರಲ್ ಮೋಟಾರ್ಸ್ 1971ರ ಮಾದರಿಗಳಲ್ಲಿಯೇ ಎಂಜಿನ್ನಿನ ಒತ್ತಡ ಅನುಪಾತವನ್ನು ಇಳಿಸಿತು, ಶಕ್ತಿಯೂ ಇಳಿಯಿತು. 1972ರಿಂದ ಶಕ್ತಿಯನ್ನು ಅಳೆಯುವ ಕ್ರಮವೂ ಬದಲಾಯಿತು. ಅದುವರೆಗೆ ಗಾಳಿಯ ಫಿಲ್ಟರು, ಸೈಲೆನ್ಸರು, ಆಲ್ಟರ್ನೇಟರು ಯಾವುದೂ ಇಲ್ಲದ ಬರಿ ಎಂಜಿನ್ನನ್ನು ಅಳೆದು ಅಂಕಿ ಹೇಳಲಾಗುತ್ತಿತ್ತು. ಇನ್ನು ಮುಂದೆ ಎಲ್ಲವನ್ನೂ ಜೋಡಿಸಿದ ಎಂಜಿನ್ನನ್ನು ಅಳೆಯಬೇಕಾಯಿತು. ಹಳೆಯ ಕ್ರಮದಲ್ಲಿ 425 ಅಶ್ವಶಕ್ತಿಯಿದ್ದ ಹೆಮಿ ಹೊಸ ಕ್ರಮದಲ್ಲಿ 350 ಆಗುತ್ತದೆ. ಆದ್ದರಿಂದ ಹಳೆಯ ಅಂಕಿಗಳನ್ನು ಇಂದಿನ ಕಾರುಗಳ ಅಂಕಿಗಳೊಡನೆ ನೇರವಾಗಿ ಹೋಲಿಸುವುದು ತಪ್ಪು.

ಕಾರ್ಖಾನೆಗಳ ಕಥೆ ಇನ್ನೊಂದು. ಓಹಾಯೋ ರಾಜ್ಯದ ನಾರ್ವುಡ್‌ನಲ್ಲಿ ಕ್ಯಾಮರೋ ತಯಾರಿಸುತ್ತಿದ್ದ ಕಾರ್ಮಿಕರು 1972ರಲ್ಲಿ 174 ದಿನ ಮುಷ್ಕರ ಹೂಡಿದರು. ಅದು ಮುಗಿಯುವ ಹೊತ್ತಿಗೆ ಸಾಲಿನಲ್ಲಿ ಅರ್ಧಕ್ಕೆ ನಿಂತಿದ್ದ ಸುಮಾರು 1,100 ಕಾರುಗಳು 1973ರ ಬಂಪರ್ ನಿಯಮಗಳಿಗೆ ಹೊಂದುತ್ತಿರಲಿಲ್ಲ. ಅವನ್ನೆಲ್ಲ ಗುಜರಿಗೆ ಹಾಕಲಾಯಿತು. ಇಂದು ಅದೇ ಕಾಲದ ಕ್ಯಾಮರೋಗಾಗಿ ಹರಾಜಿನಲ್ಲಿ ಕೈಯೆತ್ತುವವರು ಈ ಸಂಗತಿಯನ್ನು ನೆನೆದು ಮರುಗುವುದುಂಟು. ಜಿಟಿಒ ಹೆಸರು 1974ಕ್ಕೆ ನಿಂತಿತು. ಅದೇ ವರ್ಷದ ಮಸ್ಟಾಂಗಿನಲ್ಲಿ ವಿ8 ಎಂಜಿನ್ನೇ ಇರಲಿಲ್ಲ.

ಆಕರ್ಷಣೆಯ ಕಾರಣಗಳು

ವೇಗವೊಂದೇ ಕಾರಣವಾಗಿದ್ದರೆ ಈ ಮೋಹ ಎಂದೋ ಕರಗಬೇಕಿತ್ತು. ಇಂದಿನ ಅನೇಕ ವಿದ್ಯುತ್ ಕಾರುಗಳು ಸದ್ದಿಲ್ಲದೆ ಯಾವ ಹಳೆಯ ಮಸಲ್ ಕಾರನ್ನಾದರೂ ಹಿಂದೆ ಹಾಕಬಲ್ಲವು. 1979ರ ಪಾಂಟಿಯಾಕ್ ಟ್ರಾನ್ಸ್ ಆಮ್ ಇದಕ್ಕೆ ಇನ್ನೂ ಸ್ಪಷ್ಟ ಸಾಕ್ಷಿ. ಅದರ ಒಂದು ಬಗೆಯ 6.6 ಲೀಟರ್ ಎಂಜಿನ್ ಕೇವಲ 185 ಅಶ್ವಶಕ್ತಿ ನೀಡುತ್ತಿತ್ತು. ಆದರೂ ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಟ್ರಾನ್ಸ್ ಆಮ್ ಕಾರುಗಳು ಮಾರಾಟವಾದವು. ಎರಡು ವರ್ಷ ಮೊದಲು ತೆರೆಕಂಡ ‘ಸ್ಮೋಕಿ ಅಂಡ್ ದ ಬ್ಯಾಂಡಿಟ್’ ಚಲನಚಿತ್ರದಲ್ಲಿ ಬರ್ಟ್ ರೆನಾಲ್ಡ್ಸ್ ಓಡಿಸಿದ್ದು ಅದೇ ಹೆಸರಿನ ಕಪ್ಪು ಕಾರನ್ನು.

ಚಲನಚಿತ್ರಗಳ ಪಾಲು ಸಣ್ಣದಲ್ಲ. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಅವರ ಹಸಿರು ಮಸ್ಟಾಂಗ್, ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಕಪ್ಪು ಡಾಡ್ಜ್ ಚಾರ್ಜರನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಹತ್ತು ನಿಮಿಷಕ್ಕೂ ಮೀರಿ ನಡೆಯುತ್ತದೆ. ಅದರ ಬಹುಭಾಗದಲ್ಲಿ ಸಂಗೀತವಿಲ್ಲ, ಮಾತಿಲ್ಲ. ಎರಡು ವಿ8 ಎಂಜಿನ್ನುಗಳ ಸದ್ದಷ್ಟೇ. ಆ ಚಿತ್ರದಲ್ಲಿ ಬಳಸಿದ ಮಸ್ಟಾಂಗುಗಳಲ್ಲೊಂದು ಒಂದೇ ಕುಟುಂಬದ ಬಳಿ ದಶಕಗಳ ಕಾಲ ಇದ್ದು, 2020ರ ಜನವರಿಯಲ್ಲಿ ಹರಾಜಿಗೆ ಬಂದು ಶುಲ್ಕ ಸೇರಿ 37.4 ಲಕ್ಷ ಡಾಲರಿಗೆ ಮಾರಾಟವಾಯಿತು. 1979ರಿಂದ 1985ರವರೆಗೆ ಪ್ರಸಾರವಾದ ‘ದ ಡ್ಯೂಕ್ಸ್ ಆಫ್ ಹಜಾರ್ಡ್’ ಧಾರಾವಾಹಿ ಕಿತ್ತಳೆ ಬಣ್ಣದ ಚಾರ್ಜರನ್ನು ಮನೆಮಾತಾಗಿಸಿತು; ಹಾರಿಸುವ ದೃಶ್ಯಗಳಿಗಾಗಿ ಅದು ನೂರಾರು ಚಾರ್ಜರುಗಳನ್ನು ನುಗ್ಗುನುರಿ ಮಾಡಿದ್ದೂ ನಿಜ.

ಇನ್ನೊಂದು ಕಾರಣ ಯಂತ್ರದ ಸರಳತೆ. ಬಾನೆಟ್ ತೆರೆದರೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಪ್ಲಗ್ಗುಗಳು ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಗಣಕಯಂತ್ರದ ನೆರವಿಲ್ಲದೆ, ಸಾಮಾನ್ಯ ಸ್ಪ್ಯಾನರುಗಳಿಂದ ತಂದೆ ಮಗ ಸೇರಿ ಭಾನುವಾರದೊಳಗೆ ದುರಸ್ತಿ ಮುಗಿಸಬಹುದಾದ ಕಾರುಗಳವು. ಮುಖ್ಯ ಮಾದರಿಗಳ ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ತಯಾರಿಸಲಾಗುತ್ತದೆ. ಇವುಗಳ ಮಾಲೀಕರಲ್ಲಿ ಅನೇಕರಿಗೆ ಓಡಿಸುವುದಕ್ಕಿಂತ ಬಿಚ್ಚಿ ಜೋಡಿಸುವುದೇ ಹೆಚ್ಚು ಪ್ರಿಯ.

ಡೆಟ್ರಾಯಿಟ್ ನಗರಕ್ಕೆ ಈ ಕಾರುಗಳು ಬೇರೊಂದು ಅರ್ಥ ಹೊತ್ತಿವೆ. ಅಲ್ಲಿನ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ 1960ರ ದಶಕದಲ್ಲಿ ರಾತ್ರಿಹೊತ್ತು ಯುವಕರು ಸಿಗ್ನಲಿನಿಂದ ಸಿಗ್ನಲಿಗೆ ಕಾನೂನುಬಾಹಿರವಾಗಿ ಸ್ಪರ್ಧಿಸುತ್ತಿದ್ದರು. ಕಂಪನಿಗಳ ಎಂಜಿನಿಯರುಗಳೂ ಅಲ್ಲಿ ಸುಳಿಯುತ್ತಿದ್ದರು. ಚಾಲೆಂಜರ್ ಮತ್ತು ಬ್ಯಾರಕೂಡಾ ಕಾರುಗಳನ್ನು ಜೋಡಿಸುತ್ತಿದ್ದ ಹ್ಯಾಮ್‌ಟ್ರಾಮಿಕ್‌ನ ಡಾಡ್ಜ್ ಕಾರ್ಖಾನೆ 1980ರಲ್ಲಿ ಮುಚ್ಚಿತು. 1995ರಿಂದ ಆಗಸ್ಟ್ ತಿಂಗಳಲ್ಲಿ ಅದೇ ವುಡ್‌ವರ್ಡ್ ರಸ್ತೆಯಲ್ಲಿ ‘ಡ್ರೀಮ್ ಕ್ರೂಸ್’ ಎಂಬ ಮೆರವಣಿಗೆ ನಡೆಯುತ್ತಿದೆ. ಒಂದು ಕಾಲದಲ್ಲಿ ಸಾಲಿನಲ್ಲಿ ನಿಂತು ಈ ಕಾರುಗಳಿಗೆ ಬೋಲ್ಟು ಬಿಗಿದವರು ಮಡಚುವ ಕುರ್ಚಿ ಹಾಕಿಕೊಂಡು ರಸ್ತೆಬದಿಯಲ್ಲಿ ಕುಳಿತು ಅವು ಹಾದುಹೋಗುವುದನ್ನು ನೋಡುತ್ತಾರೆ.

ಸಂಗ್ರಹ ಮತ್ತು ಬೆಲೆ

ಅಂದು ಬಡವನ ವೇಗದ ಕಾರೆನಿಸಿದ್ದದ್ದು ಇಂದು ಶ್ರೀಮಂತರ ಆಸ್ತಿಯಾಗಿದೆ. 1971ರ ಹೆಮಿ ಎಂಜಿನ್ನಿನ ಕೂಡಾ ತೆರೆಛಾವಣಿ ಕಾರುಗಳು ತಯಾರಾದದ್ದು ಹನ್ನೊಂದೇ. ಅವುಗಳಲ್ಲೊಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಆ ಕಾಲದಲ್ಲಿ ಅವು ಕಡಿಮೆ ತಯಾರಾದದ್ದು ಯಾರಿಗೂ ಬೇಡವಾಗಿದ್ದರಿಂದ.

ಬೆಲೆ ಏರಿದಂತೆ ನಕಲಿಯೂ ಹೆಚ್ಚಿತು. ಮೂಲ ಎಂಜಿನ್, ಮೂಲ ಗೇರುಪೆಟ್ಟಿಗೆ ಉಳಿದಿರುವ ಕಾರಿಗೆ ಹೆಚ್ಚು ಬೆಲೆ. ಭಾರತದಲ್ಲಿ ಹಳೆಯ ವಾಹನ ಕೊಳ್ಳುವವರು ಆರ್‌ಸಿ ಪುಸ್ತಕ ಹಿಡಿದು ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ತಾಳೆ ನೋಡುವಂತೆ ಅಲ್ಲಿಯೂ ನೋಡುತ್ತಾರೆ. ಆದರೆ ಅದು ಎಲ್ಲ ಕಾರುಗಳಿಗೂ ಸಾಲದು. ಉದಾಹರಣೆಗೆ 1964 ಮತ್ತು 1965ರ ಜಿಟಿಒ ಬರಿ ಸಲಕರಣೆಯಾಗಿ ಮಾರಾಟವಾದದ್ದರಿಂದ ಅದರ ಗುರುತು ಸಂಖ್ಯೆಗೂ ಸಾಧಾರಣ ಲೆಮಾನ್ಸ್ ಸಂಖ್ಯೆಗೂ ವ್ಯತ್ಯಾಸವೇ ಇಲ್ಲ. ನಿಯಮವನ್ನು ನುಣುಚಿಕೊಳ್ಳಲು ಡಿಲೋರಿಯನ್ ಹೂಡಿದ ಉಪಾಯ ಮುಂದೆ ನಕಲು ಮಾಡುವವರಿಗೂ ಅನುಕೂಲವಾಯಿತು. ಹೀಗಾಗಿ ಕಾರ್ಖಾನೆಯ ಮೂಲ ದಾಖಲೆಗಳಿಗೆ, ಆಸನದ ಕೆಳಗೆ ಸಿಕ್ಕಿಕೊಂಡು ಉಳಿದ ಜೋಡಣೆಯ ಚೀಟಿಗಳಿಗೆ ಅಪಾರ ಬೆಲೆ ಬಂದಿದೆ.

ಪುನರಾಗಮನ

2005ರ ಮಸ್ಟಾಂಗ್ ತನ್ನ 1960ರ ದಶಕದ ರೂಪವನ್ನು ಮತ್ತೆ ಧರಿಸಿ ಬಂದಿತು. 2008ರಲ್ಲಿ ಡಾಡ್ಜ್ ಚಾಲೆಂಜರ್, 2010ರ ಮಾದರಿಯಾಗಿ ಕ್ಯಾಮರೋ ಅದನ್ನು ಅನುಸರಿಸಿದವು. ಮಸ್ಟಾಂಗಿನ ಆರನೆಯ ಪೀಳಿಗೆಯಲ್ಲಿ ಕಾರ್ಖಾನೆಯೇ ಬಲಬದಿಯ ಸ್ಟಿಯರಿಂಗ್ ನೀಡತೊಡಗಿದ್ದರಿಂದ 2016ರಲ್ಲಿ ಅದು ಭಾರತದಲ್ಲೂ ಅಧಿಕೃತವಾಗಿ ಬಿಡುಗಡೆಯಾಯಿತು. ಆದರೆ ಸುಮಾರು 65 ಲಕ್ಷ ರೂಪಾಯಿಯ ಬೆಲೆಯಿಂದಾಗಿ, ಮೂಲದಲ್ಲಿ ಜನಸಾಮಾನ್ಯರ ಕಾರಾಗಿದ್ದ ಅದು ಇಲ್ಲಿ ಐಷಾರಾಮಿ ವಸ್ತುವಾಗಿಯೇ ಉಳಿಯಿತು.

ಡಾಡ್ಜ್ ಕಂಪನಿ ಹೆಮಿ ಎಂಜಿನ್ನಿನ ಚಾರ್ಜರ್ ಮತ್ತು ಚಾಲೆಂಜರ್ ಕಾರುಗಳ ತಯಾರಿಕೆಯನ್ನು 2023ರ ಕೊನೆಯಲ್ಲಿ ನಿಲ್ಲಿಸಿತು. ಮರುವರ್ಷ ಬಂದ ಹೊಸ ಚಾರ್ಜರ್ ಡೇಟೋನಾ ಬ್ಯಾಟರಿಯಿಂದ ಓಡುತ್ತದೆ. ಎಂಜಿನ್ನೇ ಇಲ್ಲದ ಆ ಕಾರಿಗೆ ಗುಡುಗುಡು ಸದ್ದು ಹೊರಡಿಸುವ ವಿಶೇಷ ಧ್ವನಿ ಸಾಧನವನ್ನು ಅಳವಡಿಸಲಾಗಿದೆ. ಹಳೆಯ ಅಭಿಮಾನಿಗಳಲ್ಲಿ ಕೆಲವರು ಅದನ್ನು ಕೇಳಿ ನಕ್ಕರೆ, ಕೆಲವರು ಕೋಪಗೊಂಡರು. ಅದೇ ಒಡಲಿನಲ್ಲಿ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಮಾದರಿಯನ್ನೂ ಕಂಪನಿ ಪ್ರಕಟಿಸಿದೆ.